ದೂರದ ಸೈಕಲ್ ಪ್ರವಾಸಕ್ಕೆ ಸ್ಪಾನ್ಸರ್ ಹುಡುಕುವುದು ಹೇಗೆ? ಬಳ್ಳಾರಿ, ಕೊಪ್ಪಳ, ರಾಯಚೂರಿನವರಿಗೆ ಸಮಗ್ರ ಮಾರ್ಗದರ್ಶಿ

ಕಾಶ್ಮೀರದಿಂದ ಕನ್ಯಾಕುಮಾರಿಗೆ ಹೋಗಬೇಕು, ಮನಾಲಿಯಿಂದ ಲೇಹ್‌ಗೆ ಏರಬೇಕು ಎನ್ನುವ ಹುಡುಗರು, ಹುಡುಗಿಯರು ಈಗ ನಮ್ಮ ಕಡೆಯೂ ಕಾಣುತ್ತಾರೆ. ಕಾಲಲ್ಲಿ ಕಸುವು ಇರುತ್ತದೆ. ಮನೆಯವರನ್ನೂ ಹೇಗೋ ಒಪ್ಪಿಸಿರುತ್ತಾರೆ. ತಡೆಯುವುದು ಸಾಮಾನು. ಗಟ್ಟಿ ಟಯರ್, ಕ್ಯಾರಿಯರ್, ಚೀಲ, ಟೆಂಟ್, ಲೈಟ್ ಎಲ್ಲಾ ಕೂಡಿಸಿದರೆ ಎಷ್ಟೋ ಸಲ ಸೈಕಲ್ಲಿನ ಬೆಲೆಯನ್ನೇ ಮೀರುತ್ತದೆ. ಆಗ ನೆನಪಾಗುವುದು ಸ್ಪಾನ್ಸರ್.

ಹೆಚ್ಚಿನವರು ದೊಡ್ಡ ಕಂಪನಿಗಳ ಈಮೇಲ್ ಹುಡುಕಿ, ಒಂದೇ ಪತ್ರವನ್ನು ಎಲ್ಲರಿಗೂ ಕಳಿಸುತ್ತಾರೆ. ಉತ್ತರ ಬರುವುದಿಲ್ಲ. ಬೆಂಗಳೂರಿನವರಿಗಾದರೆ ಕೊಡುತ್ತಾರೆ, ನಮಗೆ ಯಾರು ಕೊಡುತ್ತಾರೆ ಎಂದು ಕೈಬಿಡುತ್ತಾರೆ. ನಾನು ಕಂಡಂತೆ ದಾರಿ ಇದರ ಉಲ್ಟಾ ಇದೆ. ನಿಮ್ಮ ಓಣಿಯಿಂದ ಶುರು ಮಾಡಬೇಕು. ಊರು, ಜಿಲ್ಲೆ ದಾಟಿ, ಕಡೆಗೆ ಲೂಧಿಯಾನ, ಚೆನ್ನೈ, ಬೆಂಗಳೂರಿನ ಕಂಪನಿಗಳ ಬಾಗಿಲಿಗೆ ಹೋಗಬೇಕು. ಆ ಹೊತ್ತಿಗೆ ನಿಮ್ಮ ಕೈಯಲ್ಲಿ ತೋರಿಸಲು ಏನಾದರೂ ಇರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ಪಾನ್ಸರ್ ಎಂದರೆ ದಾನ ಅಲ್ಲ, ವ್ಯವಹಾರ. 1894ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ಆ್ಯನಿ ಕೊಪ್‌ಚೊವ್‌ಸ್ಕಿ ಎಂಬಾಕೆ ಸೈಕಲ್ ಹಿಡಿದು ಲೋಕ ಸುತ್ತಲು ಹೊರಟಳು. ಮೂರು ಮಕ್ಕಳ ತಾಯಿ. ಲಂಡನ್‌ಡೆರಿ ಎಂಬ ಬಾಟಲಿ ನೀರಿನ ಕಂಪನಿ ಆಕೆಗೆ 100 ಡಾಲರ್ ಕೊಟ್ಟಿತು. ಬದಲಿಗೆ ಆಕೆ ಕಂಪನಿಯ ಫಲಕವನ್ನು ಸೈಕಲ್‌ಗೆ ಕಟ್ಟಿಕೊಂಡಳು. ಪ್ರವಾಸದ ಉದ್ದಕ್ಕೂ ಆ್ಯನಿ ಲಂಡನ್‌ಡೆರಿ ಎಂಬ ಹೆಸರಲ್ಲೇ ಓಡಾಡಿದಳು. ಇವತ್ತಿಗೂ ಅವಳು ಆ ಹೆಸರಿನಿಂದಲೇ ಗೊತ್ತು. ಕೊಟ್ಟವರಿಗೆ ಏನು ಸಿಗುತ್ತದೆ ಎಂಬುದು ಮೊದಲ ದಿನವೇ ತೀರ್ಮಾನವಾಗಿತ್ತು. ನೀವೂ ಅಲ್ಲಿಂದಲೇ ಶುರು ಮಾಡಿ.

ಮೊದಲು ಪಟ್ಟಿ

"ಸಾಮಾನು ಬೇಕು" ಎಂದು ಕೇಳಿದರೆ ಯಾರೂ ಕೊಡುವುದಿಲ್ಲ. "700ಕ್ಕೆ 35 ಅಳತೆಯ ಎರಡು ಟಯರ್, ನಾಲ್ಕು ಟ್ಯೂಬ್ ಬೇಕು" ಎಂದರೆ ಯೋಚಿಸುತ್ತಾರೆ. ಪ್ರತಿ ವಸ್ತುವಿನ ಹೆಸರು, ಅಳತೆ, ಎಷ್ಟು ಬೇಕು, ಯಾವ ತಾರೀಖಿನೊಳಗೆ ಬೇಕು, ಅಂಗಡಿ ಬೆಲೆ ಎಷ್ಟು, ಎಲ್ಲಾ ಬರೆಯಿರಿ.

ಆಮೇಲೆ ಅದನ್ನು ಮೂರು ಪಾಲು ಮಾಡಿ. ಪ್ರಾಣಕ್ಕೆ ಸಂಬಂಧಿಸಿದ ಸಾಮಾನು, ಅಂದರೆ ಹೆಲ್ಮೆಟ್, ಬ್ರೇಕ್ ಪ್ಯಾಡ್, ಮುಂದಿನ ಹಿಂದಿನ ಲೈಟ್, ಇವನ್ನು ನಿಮ್ಮ ದುಡ್ಡಿನಲ್ಲೇ ಕೊಳ್ಳಿ. ಸ್ಪಾನ್ಸರ್ ಕೊಡುವುದು ತಡವಾದರೆ ಇವಕ್ಕಾಗಿ ಕಾಯುವಂತಿಲ್ಲ. ಕಳಪೆ ಕೊಟ್ಟರೆ ಬೇಡ ಎನ್ನಲೂ ಮುಜುಗರ. ಎರಡನೆಯದು ಊರಲ್ಲೇ ಮಾಡಿಸಬಹುದಾದದ್ದು: ಚೀಲ, ಕ್ಯಾರಿಯರ್, ಜರ್ಸಿ, ಟೆಂಟಿನ ಕೆಳಗೆ ಹಾಸುವ ತಾಡಪಾಲು. ಮೂರನೆಯದು ಕಂಪನಿಗಳಿಂದಲೇ ಬರಬೇಕಾದದ್ದು: ಟಯರ್, ಟೆಂಟ್, ಸ್ಲೀಪಿಂಗ್ ಬ್ಯಾಗ್, ಚಕ್ರ ತಿರುಗಿದಂತೆ ಕರೆಂಟ್ ಕೊಡುವ ಡೈನಮೊ ಹಬ್, ಕೆಲವೊಮ್ಮೆ ಸೈಕಲ್ಲೇ. ಈ ಮೂರನೇ ಪಾಲು ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು.

ಟೆಂಟು, ಸ್ಲೀಪಿಂಗ್ ಬ್ಯಾಗು ಎರವಲು ಸಿಕ್ಕರೂ ಅದು ಸ್ಪಾನ್ಸರ್ರೇ. ಶೇ 30 ರಿಯಾಯಿತಿ ಕೊಟ್ಟರೆ ಅದೂ ಸ್ಪಾನ್ಸರ್ರೇ. ಮೊದಲ ಪ್ರವಾಸಕ್ಕೆ ಪೂರ್ತಿ ಪುಕ್ಕಟೆ ಸಿಗುವುದು ಕಡಿಮೆ. ರಿಯಾಯಿತಿ, ಎರವಲು, ಪುಕ್ಕಟೆ ಸರ್ವಿಸ್ ಸಿಗುವುದೇ ಜಾಸ್ತಿ. ಬಂದದ್ದನ್ನು ಸಂತೋಷದಿಂದ ತೆಗೆದುಕೊಳ್ಳಿ.

ನಿಮ್ಮ ಹತ್ತಿರ ಕೊಡಲು ಏನಿದೆ?

ಇನ್‌ಸ್ಟಾಗ್ರಾಂನಲ್ಲಿ ಲಕ್ಷಗಟ್ಟಲೆ ಫಾಲೋವರ್ ಇದ್ದರೆ ಮಾತ್ರ ಸ್ಪಾನ್ಸರ್ ಸಿಗುತ್ತದೆ ಎಂಬ ನಂಬಿಕೆ ಇದೆ. ಅದನ್ನು ತಲೆಯಿಂದ ತೆಗೆಯಿರಿ. ನಮ್ಮ ಸೀಮೆಯವರ ಹತ್ತಿರ ಬೇರೆಯವರ ಬಳಿ ಇಲ್ಲದ ಒಂದು ಸರಕು ಇದೆ: ನಮ್ಮ ನೆಲ, ನಮ್ಮ ಬಿಸಿಲು.

ಟಯರ್ ಕಂಪನಿಗೆ ಏನು ಬೇಕು? ತನ್ನ ಟಯರ್ ಪಂಕ್ಚರ್ ಆಗುವುದಿಲ್ಲ ಎಂಬ ಸಾಕ್ಷಿ. ಬಳ್ಳಾರಿ ಜಾಲಿಯ ಮುಳ್ಳು ರಸ್ತೆ ಬದಿಗೆ ಉದುರಿಕೊಂಡಿರುವ ನಮ್ಮ ಹಾದಿಗಳಿಗಿಂತ ಕಠಿಣ ಪರೀಕ್ಷೆ ಎಲ್ಲಿದೆ? ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಡಾಂಬರಿನ ಮೇಲೆ ಟ್ಯೂಬಿನ ಪ್ಯಾಚ್ ಬಿಟ್ಟುಕೊಳ್ಳುತ್ತದಾ, ನೀರಿನ ಬಾಟಲಿ ಎಷ್ಟು ಹೊತ್ತು ತಂಪು ಹಿಡಿಯುತ್ತದೆ, ಗ್ಲೌಸಿನ ಅಂಟು ಕರಗುತ್ತದಾ, ಇವೆಲ್ಲಾ ಕಂಪನಿಯ ಲ್ಯಾಬಿನಲ್ಲಿ ಸುಲಭಕ್ಕೆ ಗೊತ್ತಾಗುವಂಥವಲ್ಲ. ಸಿಂಧನೂರು, ಸಿರುಗುಪ್ಪ ಕಡೆಯ ಎರೆ ಮಣ್ಣು ಮಳೆಗಾಲದಲ್ಲಿ ಮಡ್‌ಗಾರ್ಡ್ ಒಳಗೆ ಮೆತ್ತಿಕೊಂಡು ಚಕ್ರವನ್ನೇ ನಿಲ್ಲಿಸುತ್ತದೆ. ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಕೆಂಪು ಧೂಳು ಚೈನ್ ತಿನ್ನುತ್ತದೆ. ಹೀಗಾಗಿ ನಿಮ್ಮ ಪತ್ರದಲ್ಲಿ "ನಿಮ್ಮ ಟಯರನ್ನು ಜಾಲಿ ಮುಳ್ಳಿನ ನೆಲದಲ್ಲಿ 2,000 ಕಿ.ಮೀ. ಓಡಿಸಿ, ಪ್ರತಿ ಪಂಕ್ಚರ್ ಎಲ್ಲಿ, ಎಷ್ಟನೇ ಕಿಲೋಮೀಟರಿಗೆ, ಯಾವುದರಿಂದ ಆಯಿತು ಎಂದು ಫೋಟೊ ಸಮೇತ ಬರೆದು ಕೊಡುತ್ತೇನೆ" ಎಂಬ ಸಾಲು ಇದ್ದರೆ, ಅದಕ್ಕೆ ಬೆಲೆ ಇದೆ.

ಎರಡನೇ ಸರಕು ಕನ್ನಡ. ಸೈಕಲ್ ಸಾಮಾನಿನ ಬಗ್ಗೆ ಇಂಗ್ಲಿಷ್, ಹಿಂದಿಯಲ್ಲಿ ವಿಡಿಯೊ ಬೇಕಾದಷ್ಟಿವೆ. ಚೀಲ ಕಟ್ಟುವುದು ಹೇಗೆ, ಟೆಂಟ್ ಹಾಕುವುದು ಹೇಗೆ ಎಂದು ನಮ್ಮ ಮಾತಿನಲ್ಲಿ ತಾಳ್ಮೆಯಿಂದ ತೋರಿಸುವವರು ಕಡಿಮೆ. ಕರ್ನಾಟಕದಲ್ಲಿ ಮಾರಾಟ ಬೇಕಾದ ಕಂಪನಿಗೆ ಇದು ಉಪಯೋಗ. ಮೂರನೆಯದು ಫೋಟೊ. ದೊಡ್ಡ ಕ್ಯಾಮೆರಾ ಬೇಡ. ಬೆಳಗಿನ ಬೆಳಕಲ್ಲಿ, ಸಾಮಾನು ಸ್ಪಷ್ಟವಾಗಿ ಕಾಣುವ ಚಿತ್ರ ಫೋನಿನಲ್ಲೇ ತೆಗೆಯಬಹುದು.

ಕೇಳುವ ಮೊದಲು ಸಾಬೀತು ಮಾಡಿ

ಹೊಸಬರಿಗೆ ಯಾರೂ ಸಾಮಾನು ಕೊಡುವುದಿಲ್ಲ, ಸರಿ. ಆದರೆ ಹೊಸತನ ಕಳೆಯುವುದು ಕಷ್ಟವಲ್ಲ. ಒಂದು ದಾರಿ ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. ಆಡಾಕ್ಸ್ ಇಂಡಿಯಾ ರ‍್ಯಾಂಡನರ್ಸ್ ಎಂಬ ಸಂಸ್ಥೆಯ ಲೆಕ್ಕದಲ್ಲಿ ನಡೆಯುವ ಈ ಸವಾರಿಗಳಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆಯ ಗಡುವು ಇರುತ್ತದೆ. ಒಂದೇ ಋತುವಿನಲ್ಲಿ ನಾಲ್ಕನ್ನೂ ಮುಗಿಸಿದರೆ ಸೂಪರ್ ರ‍್ಯಾಂಡನರ್ ಎನ್ನುತ್ತಾರೆ. ಋತು ನವೆಂಬರಿನಿಂದ ಅಕ್ಟೋಬರ್‌ವರೆಗೆ. ಬೆಂಗಳೂರು, ಹುಬ್ಬಳ್ಳಿ, ಹೈದರಾಬಾದ್ ಕಡೆ ಇವು ನಡೆಯುತ್ತವೆ. ಒಂದು 300 ಮುಗಿಸಿದ ದಾಖಲೆ ಇದ್ದರೂ ಸೈಕಲ್ ವ್ಯಾಪಾರದವರು ನಿಮ್ಮನ್ನು ನೋಡುವ ರೀತಿ ಬದಲಾಗುತ್ತದೆ.

ಇನ್ನೊಂದು ದಾರಿ ನನಗೆ ಇನ್ನೂ ಇಷ್ಟ. ಸಾಮಾನು ಹೇರಿಕೊಂಡು ಮನೆಯಿಂದಲೇ ಒಂದು ಸುತ್ತು. ಬಳ್ಳಾರಿಯಿಂದ ಸಿರುಗುಪ್ಪ, ಸಿಂಧನೂರು, ಮಸ್ಕಿ, ಲಿಂಗಸೂಗೂರು. ಅಲ್ಲಿಂದ ಮುದಗಲ್, ಕುಷ್ಟಗಿ, ಕೊಪ್ಪಳ, ಮುನಿರಾಬಾದ್, ಹೊಸಪೇಟೆ. ವಾಪಸ್ ಬಳ್ಳಾರಿ. 300 ಕಿ.ಮೀ. ಮೀರುತ್ತದೆ, ಮೂರು ನಾಲ್ಕು ದಿನದಲ್ಲಿ ಆರಾಮಾಗಿ ಆಗುತ್ತದೆ. ಮಸ್ಕಿಯಲ್ಲಿ ಅಶೋಕನ ಹೆಸರೇ ಇರುವ ಶಾಸನ, ಮುದಗಲ್ಲಿನ ಕೋಟೆ, ತುಂಗಭದ್ರಾ ಅಣೆಕಟ್ಟು, ಫೋಟೊಗೆ ಇದಕ್ಕಿಂತ ಹಿನ್ನೆಲೆ ಬೇಕಾ? ಯಾವ ಸಾಮಾನು ಕೈಕೊಟ್ಟಿತು, ಯಾವುದು ಸುಮ್ನೆ ಭಾರ ಆಯಿತು ಎಂಬುದೂ ಇಲ್ಲೇ ಗೊತ್ತಾಗುತ್ತದೆ. ಪಟ್ಟಿಯ ಅರ್ಧ ಆಮೇಲೆ ತಾನೇ ಕರಗುತ್ತದೆ.

ಇದೆಲ್ಲವನ್ನೂ ಎರಡು ಪುಟದ ಪಿಡಿಎಫ್‌ನಲ್ಲಿ ತನ್ನಿ. ನೀವು ಯಾರು, ಮಾಡಿದ ಸವಾರಿಗಳು, ಹೊರಡುವ ತಾರೀಖು, ದಾರಿಯ ನಕ್ಷೆ, ನಾಲ್ಕು ಒಳ್ಳೆಯ ಫೋಟೊ, ಬೇಕಾದ ಸಾಮಾನು, ಕೊಡುವ ಪ್ರತಿಫಲ. ಮೂರನೇ ಪುಟ ಯಾರೂ ಓದುವುದಿಲ್ಲ. ಫಾಲೋವರ್ ಸಂಖ್ಯೆ ಇದ್ದಷ್ಟೇ ಬರೆಯಿರಿ. ಕಂಪನಿಯವರಿಗೆ ಅದನ್ನು ಪರೀಕ್ಷೆ ಮಾಡುವುದು ಐದು ನಿಮಿಷದ ಕೆಲಸ.

ಊರಿನಿಂದ ಶುರು: ಜೀನ್ಸ್ ಹೊಲಿಯುವವರು, ವೆಲ್ಡಿಂಗ್‌ನವರು, ರೈಸ್ ಮಿಲ್

ಬಳ್ಳಾರಿ ಜೀನ್ಸ್ ದೇಶಕ್ಕೇ ಗೊತ್ತು. ಕೌಲ್ ಬಜಾರ್ ಸುತ್ತಮುತ್ತ ಹೊಲಿಯುವ ಯೂನಿಟ್‌ಗಳಿವೆ. ಸೈಕಲ್ಲಿನವರು ಈ ಸಂಪತ್ತನ್ನು ಇನ್ನೂ ಸರಿಯಾಗಿ ನೋಡಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಕ್ಯಾರಿಯರ್‌ನ ಎರಡೂ ಬದಿ ತೂಗುಹಾಕುವ ಪ್ಯಾನಿಯರ್ ಚೀಲ ಎಲ್ಲಿ ಹರಿಯುತ್ತದೆ? ಪಟ್ಟಿ ಚೀಲಕ್ಕೆ ಸೇರುವ ಜಾಗದಲ್ಲಿ. ಜೀನ್ಸ್ ಪ್ಯಾಂಟಿನ ಬೆಲ್ಟ್ ಲೂಪ್ ಕೀಳದಂತೆ ಒತ್ತಾಗಿ ಹೊಲಿಗೆ ಹಾಕುವ ಬಾರ್‌ಟ್ಯಾಕ್ ಮಷೀನ್ ಇದೆಯಲ್ಲ, ಆ ಜಾಗಕ್ಕೆ ಬೇಕಾದದ್ದು ಅದೇ. ದಪ್ಪ ಸೂಜಿ, ದಪ್ಪ ದಾರ, ರಿವೆಟ್, ನಾಲ್ಕು ಪದರ ಬಟ್ಟೆ ಹೊಲಿಯುವ ಕೈ, ಎಲ್ಲಾ ಇಲ್ಲೇ ಇವೆ.

ಆದರೆ ಜೀನ್ಸ್ ಬಟ್ಟೆಯಲ್ಲೇ ಚೀಲ ಮಾಡಿಸಬೇಡಿ. ನೀರು ಕುಡಿದರೆ ಭಾರ, ಒಣಗಲು ದಿನ ಬೇಕು. ಲಾರಿಗೆ ಹೊದಿಸುವ ದಪ್ಪ ತಾಡಪಾಲು ಅಥವಾ ಪಿವಿಸಿ ಲೇಪನದ ಬಟ್ಟೆ ತನ್ನಿ. ಸೂಜಿ ತೂತಿನಿಂದ ನೀರು ಒಳಗೆ ಬರುತ್ತದೆ. ಹಾಗಾಗಿ ಹೊಲಿಗೆಯ ಮೇಲೆ ಒಳಗಿನಿಂದ ಅಂಟು ಬಳಿಯಿರಿ, ಬಟ್ಟೆಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಯೇ ಇಡಿ. ಚೀಲದ ಬೆನ್ನಿಗೆ ಗಟ್ಟಿ ಪ್ಲಾಸ್ಟಿಕ್ ಹಲಗೆ ಇರಲಿ, ಇಲ್ಲದಿದ್ದರೆ ಅದು ಚಕ್ರದ ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ. ಬಟ್ಟೆಯ ದುಡ್ಡು ನಿಮ್ಮದು, ಹೊಲಿಗೆ ಅವರದು, ಹೊರಮೈ ಮೇಲೆ ಅವರ ಬ್ರ್ಯಾಂಡಿನ ಹೆಸರು ದೊಡ್ಡದಾಗಿ. ಇದು ಯಾರಿಗೂ ಭಾರವಾಗದ ಒಪ್ಪಂದ. ಪ್ಯಾನಿಯರ್‌ನ ಹೊರಮೈ ಹಿಂದೆ ಬರುವ ಎಲ್ಲ ಲಾರಿ, ಬಸ್ಸಿಗೂ ಕಾಣುವ ಜಾಗ ಎಂದು ಅವರಿಗೆ ಹೇಳಿ.

ಕ್ಯಾರಿಯರ್ ವೆಲ್ಡಿಂಗ್ ಅಂಗಡಿಯಲ್ಲಿ ಆಗುತ್ತದೆ. ಅಲ್ಯೂಮಿನಿಯಂಗಿಂತ ಕಬ್ಬಿಣದ ಸರಳಿನದೇ ಮೇಲು. ಒಡಿಶಾದ ಹಳ್ಳಿಯಲ್ಲಿ ಮುರಿದರೂ ಅಲ್ಲೇ ಬೆಸುಗೆ ಹಾಕಿಸಬಹುದು.

ಇನ್ನು ಗಂಗಾವತಿ, ಸಿಂಧನೂರು, ಮಾನ್ವಿ ಕಡೆಯ ರೈಸ್ ಮಿಲ್ ಸಾಹುಕಾರರು. ಅಕ್ಕಿ ಚೀಲದ ಮೇಲೆ ಬ್ರ್ಯಾಂಡ್ ಹೆಸರು ಅಚ್ಚು ಹಾಕಿ ದೂರದೂರಿಗೆ ಕಳಿಸುವವರು, ಹೆಸರಿನ ಬೆಲೆ ಚೆನ್ನಾಗಿ ಬಲ್ಲವರು. ಇವರ ಹತ್ತಿರ ಕೇಳಬೇಕಾದದ್ದು ಟೆಂಟು ಅಲ್ಲ, ಜರ್ಸಿ ಮತ್ತು ಟಯರಿನ ದುಡ್ಡು. ಮಾತು ಹೆಚ್ಚುಕಡಿಮೆ ಹೀಗೆ ನಡೆಯುತ್ತದೆ:

"ಸಾಹುಕಾರ್ರೇ, ಬಳ್ಳಾರಿಯಿಂದ ಪುರಿಗೆ ಸೈಕಲ್ ಮೇಲೆ ಹೊಂಟೀನಿ."

"ಒಳ್ಳೇದು ಬಿಡಪಾ. ಅದರಿಂದ ನಮಗೇನ್ ಆಗತೈತಿ?"

ಈ ಪ್ರಶ್ನೆಗೆ ಬೇಜಾರಾಗಬೇಡಿ. ಇದು ಒಳ್ಳೆಯ ಪ್ರಶ್ನೆ. ಅವರ ಅಕ್ಕಿ ಯಾವ ಊರುಗಳಿಗೆ ಹೋಗುತ್ತದೆ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿರಬೇಕು. "ನಿಮ್ಮ ಮಾಲು ಆಂಧ್ರಕ್ಕೆ ಹೋಗತೈತಲ್ರೀ, ಆ ದಾರಿ ಮೇಲೇ ನಾನೂ ಹೋಗ್ತೀನಿ. ನಿಮ್ಮ ಡೀಲರ್ ಅಂಗಡಿ ಮುಂದ ನಿಂತು ಫೋಟೊ, ವಿಡಿಯೊ ಮಾಡಿ ಕಳಸ್ತೀನಿ" ಎಂದರೆ ಮಾತು ಮುಂದುವರಿಯುತ್ತದೆ. ಆ ದಾರಿಯಲ್ಲಿ ಹೋಗದಿದ್ದರೆ ಹಾಗೆ ಹೇಳಬೇಡಿ, ಬೇರೆಯವರ ಹತ್ತಿರ ಹೋಗಿ.

ಊರಿನ ಸೈಕಲ್ ಅಂಗಡಿಯನ್ನು ಎಂದೂ ಬಿಡಬೇಡಿ. ಪುಕ್ಕಟೆ ಸರ್ವಿಸ್, ಖರೀದಿ ಬೆಲೆಗೆ ಕೇಬಲ್, ಟ್ಯೂಬ್, ಕಡ್ಡಿ, ಇಷ್ಟು ಒಪ್ಪಿದರೂ ದೊಡ್ಡ ಉಳಿತಾಯ. ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ, ಮುಂದೆ ಹೇಳುತ್ತೇನೆ. ಒಬ್ಬಿಬ್ಬರು ಒಪ್ಪಿದ ಮೇಲೆ ಪತ್ರಿಕೆಗಳ ಜಿಲ್ಲಾ ವರದಿಗಾರರನ್ನು, ರಾಯಚೂರು ಅಥವಾ ಹೊಸಪೇಟೆ ಆಕಾಶವಾಣಿಯನ್ನು ಭೇಟಿ ಮಾಡಿ. ಒಂದು ಕಾಲಂ ಸುದ್ದಿ ಬಂದರೂ ಆ ತುಣುಕು ಮುಂದಿನ ಪತ್ರದ ಜೊತೆ ಹೋಗುತ್ತದೆ.

ಪತ್ರ

ಊರಿನವರಿಗೆ ಕನ್ನಡದಲ್ಲಿ, ಹೊರಗಿನ ಕಂಪನಿಗಳಿಗೆ ಇಂಗ್ಲಿಷಿನಲ್ಲಿ. ಭಾಷೆ ಯಾವುದಾದರೂ ಅಳತೆ ಇಷ್ಟೇ ಇರಲಿ. ಮಾದರಿಗೆ ಒಂದು:

"ನಮಸ್ಕಾರ ಸರ್. ನಾನು ಬಳ್ಳಾರಿ ಗಾಂಧಿನಗರದವಳು, ಕಾಲೇಜಿನಲ್ಲಿ ಲ್ಯಾಬ್ ಸಹಾಯಕಿ. ಡಿಸೆಂಬರ್ ಮೊದಲ ವಾರ ಬಳ್ಳಾರಿಯಿಂದ ಪುರಿಗೆ ಸೈಕಲ್‌ನಲ್ಲಿ ಹೊರಡುತ್ತಿದ್ದೇನೆ. ಸುಮಾರು ಮೂರು ವಾರದ ದಾರಿ. ಮಸ್ಕಿ, ಕೊಪ್ಪಳ ಸುತ್ತಿ ಬಂದ ಸವಾರಿಯ ಫೋಟೊಗಳನ್ನು ಲಗತ್ತಿಸಿದ್ದೇನೆ. ನಿಮ್ಮ ಯೂನಿಟ್‌ನಲ್ಲಿ ಎರಡು ಪ್ಯಾನಿಯರ್ ಚೀಲ ಹೊಲಿದುಕೊಡಲು ಕೇಳುತ್ತಿದ್ದೇನೆ. ಬಟ್ಟೆ, ಬಕಲ್ ನಾನು ತರುತ್ತೇನೆ, ಕಟಿಂಗ್ ಅಳತೆಯೂ ಇದೆ. ಚೀಲದ ಹೊರಮೈ ಮೇಲೆ ನಿಮ್ಮ ಹೆಸರು ಇರುತ್ತದೆ. ದಾರಿಯಲ್ಲಿ ವಾರಕ್ಕೆ ಎರಡು ಫೋಟೊ ಕಳಿಸುತ್ತೇನೆ, ಅವನ್ನು ನೀವು ಜಾಹೀರಾತಿಗೆ ಬಳಸಬಹುದು. ವಾಪಸ್ ಬಂದ ಮೇಲೆ ಚೀಲ ತಂದು ತೋರಿಸಿ, ಎಲ್ಲಿ ಸವೆದಿದೆ ಎಂದು ಹೇಳುತ್ತೇನೆ. ಶನಿವಾರ ಮಧ್ಯಾಹ್ನ ಬಂದು ಭೇಟಿ ಆಗಲೇ?"

ಕೊನೆಯ ಸಾಲು ನೋಡಿ. ಅದಕ್ಕೆ ಹೌದು ಅಥವಾ ಬೇಡ ಎಂದು ಉತ್ತರ ಕೊಡಬಹುದು. "ತಮ್ಮ ಅಮೂಲ್ಯ ಸಹಕಾರ ಕೋರುತ್ತೇನೆ" ಎಂದು ಮುಗಿಸಿದರೆ ಓದಿದವರಿಗೆ ಮುಂದೇನು ಮಾಡಬೇಕೆಂದೇ ತಿಳಿಯುವುದಿಲ್ಲ.

ದೊಡ್ಡ ಕಂಪನಿಗಳ ಹತ್ತಿರ

ಹೀರೋ ಸೈಕಲ್ಸ್ ಲೂಧಿಯಾನದ್ದು. ಟಿಐ ಸೈಕಲ್ಸ್ ಚೆನ್ನೈನದ್ದು. ವೈಲ್ಡ್‌ಕ್ರಾಫ್ಟ್ ಬೆಂಗಳೂರಿನದ್ದು. ಡೆಕಾಥ್ಲಾನ್ ಫ್ರಾನ್ಸಿನ ಕಂಪನಿ, ಅದರ ಭಾರತದ ಮುಖ್ಯ ಕಚೇರಿಯೂ ಬೆಂಗಳೂರಿನಲ್ಲೇ ಇದೆ. ಇಂಥ ಕಡೆ "ಇನ್ಫೊ" ಎಂಬ ಈಮೇಲ್‌ಗೆ ಬರೆದರೆ ಅದು ಬಾವಿಗೆ ಕಲ್ಲು ಹಾಕಿದಂತೆ. ನಿಮ್ಮ ಊರಿನ ಸೈಕಲ್ ಅಂಗಡಿಗೆ ಆರ್ಡರ್ ತೆಗೆದುಕೊಳ್ಳಲು ಕಂಪನಿಯ ಸೇಲ್ಸ್‌ನವರು ಬರುತ್ತಾರಲ್ಲ, ಅವರೇ ನಿಮ್ಮ ಬಾಗಿಲು. ಮೇಲೆ ಹೇಳಿದ ದೊಡ್ಡ ಲಾಭ ಇದೇ. ಅಂಗಡಿಯವರು "ಈ ಹುಡುಗಿ ನಮ್ಮ ಗಿರಾಕಿ, ಓಡಿಸುತ್ತಾಳೆ" ಎಂದು ಪರಿಚಯಿಸಿದರೆ, ನಿಮ್ಮ ಎರಡು ಪುಟ ಮಾರ್ಕೆಟಿಂಗ್ ವಿಭಾಗದ ಮೇಜಿಗೆ ತಲುಪುವ ಸಾಧ್ಯತೆ ಇದೆ. ಲಿಂಕ್ಡ್‌ಇನ್‌ನಲ್ಲಿ ಬ್ರ್ಯಾಂಡ್ ಮ್ಯಾನೇಜರ್‌ರನ್ನು ಹುಡುಕಿ ಬರೆಯುವುದು ಎರಡನೇ ದಾರಿ.

ಸಮಯ ನೋಡಿ ಕೇಳಿ. ಹೊರಡುವುದಕ್ಕೆ ಐದಾರು ತಿಂಗಳು ಮುಂಚೆ ಪತ್ರ ಹೋಗಬೇಕು. ಕಂಪನಿಗಳ ಲೆಕ್ಕದ ವರ್ಷ ಏಪ್ರಿಲ್‌ಗೆ ಶುರು. ಹಾಗಾಗಿ ಜನವರಿ, ಫೆಬ್ರುವರಿಯಲ್ಲಿ ಕೇಳಿದರೆ ಹೊಸ ಬಜೆಟ್ಟಿಗೆ ಸೇರಬಹುದು. ಮಾರ್ಚ್ ಕೊನೆ ವಾರ, ದೀಪಾವಳಿ ಮುಂಚಿನ ವಾರ ಬೇಡ. ಹತ್ತು ದಿನ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ. ಇನ್ನೂ ಒಮ್ಮೆ ನೆನಪಿಸಿ. ಆಮೇಲೆ ಬಿಡಿ. ಬೇಡ ಎಂದವರಿಗೂ ಧನ್ಯವಾದ ಬರೆಯಿರಿ, ಮುಂದಿನ ವರ್ಷ ಅದೇ ಕುರ್ಚಿಯಲ್ಲಿ ಅವರೇ ಇರಬಹುದು.

ಶ್ವಾಲ್ಬೆ ಟಯರ್, ಓರ್ಟ್‌ಲೀಬ್ ಚೀಲದಂಥ ಜರ್ಮನಿಯ ಸಾಮಾನಿಗೆ ಆಸೆ ಪಡುವುದು ಸಹಜ. ಆದರೆ ಹೊರದೇಶದಿಂದ ಪುಕ್ಕಟೆ ಕಳಿಸಿದ ಪಾರ್ಸೆಲ್‌ಗೂ ಇಲ್ಲಿ ಕಸ್ಟಮ್ಸ್ ಸುಂಕ, ಐಜಿಎಸ್‌ಟಿ ಬೀಳಬಹುದು. ಅದನ್ನು ಯಾರು ಕಟ್ಟಬೇಕು ಎಂದು ಕಳಿಸುವ ಮೊದಲೇ ಮಾತಾಡಿ. ಇಲ್ಲಿನ ವಿತರಕರ ಮೂಲಕ ಕೊಡಿಸಿ ಎಂದು ಕೇಳುವುದು ಜಾಣತನ.

ಸಿಎಸ್‌ಆರ್ ಗೊಂದಲ

ನಮ್ಮ ಸೀಮೆಯಲ್ಲಿ ದೊಡ್ಡ ಕಾರ್ಖಾನೆ, ಗಣಿಗಳಿವೆ. ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯು, ದೋಣಿಮಲೈಯಲ್ಲಿ ಎನ್‌ಎಂಡಿಸಿ, ಕೊಪ್ಪಳದ ಹತ್ತಿರ ಕಿರ್ಲೋಸ್ಕರ್ ಫೆರಸ್, ಲಿಂಗಸೂಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ. "ಸಿಎಸ್‌ಆರ್ ದುಡ್ಡು ಇದೆಯಲ್ಲ, ಕೇಳು" ಎಂದು ಎಲ್ಲರೂ ಹೇಳುತ್ತಾರೆ. ಸಿಎಸ್‌ಆರ್ ಎಂದರೆ ಕಂಪನಿಗಳ ಸಾಮಾಜಿಕ ಹೊಣೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು, ನಿಜ. ಆದರೆ ತನ್ನ ಸರಕಿನ ಪ್ರಚಾರಕ್ಕಾಗಿ ಮಾಡುವ ಸ್ಪಾನ್ಸರ್ ಖರ್ಚನ್ನು ಸಿಎಸ್‌ಆರ್ ಲೆಕ್ಕಕ್ಕೆ ಹಾಕುವಂತಿಲ್ಲ ಎಂದು 2021ರಲ್ಲಿ ತಿದ್ದಿದ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಮ್ಯಾರಥಾನ್‌ನಂಥ ಒಂದು ದಿನದ ಕಾರ್ಯಕ್ರಮಗಳೂ ಅದರಲ್ಲಿ ಬರುವುದಿಲ್ಲ. ಆದ್ದರಿಂದ ನಿಮ್ಮ ಟೆಂಟಿಗಾಗಿ ಸಿಎಸ್‌ಆರ್ ಕಚೇರಿಗೆ ಅಲೆಯಬೇಡಿ. ಅಂಥ ಕಂಪನಿಯಲ್ಲಿ ಕೇಳಲೇಬೇಕಾದರೆ ಪ್ರಚಾರ ಅಥವಾ ಸಾರ್ವಜನಿಕ ಸಂಪರ್ಕ ವಿಭಾಗಕ್ಕೆ ಹೋಗಿ.

ಸರ್ಕಾರಿ ಕಡೆಯಿಂದ ಸಾಮಾನಿಗಿಂತ ಕಾಗದ ಕೇಳಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿ ಅಥವಾ ಎಸ್‌ಪಿ ಕಚೇರಿಯ ಒಂದು ಪರಿಚಯ ಪತ್ರ ರಾತ್ರಿ ತಂಗಲು ಪೆಟ್ರೋಲ್ ಬಂಕ್, ಶಾಲೆ, ಠಾಣೆಗಳಲ್ಲಿ ತುಂಬಾ ಸಹಾಯ ಮಾಡುತ್ತದೆ.

ಬರೆದಿಟ್ಟುಕೊಳ್ಳಿ

ಪರಿಚಯದವರೇ ಆದರೂ ಒಂದು ಪುಟದ ಒಪ್ಪಂದ ಇರಲಿ. ಏನು ಕೊಡುತ್ತಾರೆ, ಯಾವಾಗ, ವಾಪಸ್ ಕೊಡಬೇಕಾ, ಎಷ್ಟು ಫೋಟೊ, ಅವನ್ನು ಎಷ್ಟು ಕಾಲ ಬಳಸಬಹುದು, ಹೆಸರು ಎಲ್ಲಿ ಇರುತ್ತದೆ, ಅದೇ ಬಗೆಯ ಬೇರೆ ಬ್ರ್ಯಾಂಡ್ ಬಳಸಬಹುದಾ. ಮುಖ್ಯವಾದ ಒಂದು ಸಾಲು: ಸಾಮಾನಿನ ಬಗ್ಗೆ ಕಂಡದ್ದನ್ನು ಕಂಡಂತೆ ಹೇಳುವ ಹಕ್ಕು ನಿಮ್ಮದು. ಇದಕ್ಕೆ ಒಪ್ಪದವರ ಸಾಮಾನು ಬೇಡ. ನಿಮ್ಮ ಮಾತು ನಂಬಿ ಇನ್ನೊಬ್ಬರು ಆ ಟಯರ್ ಹಾಕಿಕೊಂಡು ಘಾಟಿ ಇಳಿಯುತ್ತಾರೆ.

ಪೋಸ್ಟ್ ಹಾಕುವಾಗ ಸಾಮಾನು ಪುಕ್ಕಟೆ ಬಂದದ್ದು ಎಂದು ತಿಳಿಸುವುದು ಕಡ್ಡಾಯ. ಜಾಹೀರಾತು ಮಾನದಂಡ ಮಂಡಳಿಯ ನಿಯಮ 2021ರ ಜೂನ್‌ನಿಂದ ಇದೆ. ಗ್ರಾಹಕ ವ್ಯವಹಾರಗಳ ಇಲಾಖೆಯೂ 2023ರ ಜನವರಿಯಲ್ಲಿ ಇದೇ ಸೂಚನೆ ಕೊಟ್ಟಿದೆ. "ಜಾಹೀರಾತು" ಅಥವಾ "ಪ್ರಾಯೋಜಿತ" ಎಂಬ ಪದ ಪೋಸ್ಟಿನ ಮೊದಲಲ್ಲೇ ಕಾಣಬೇಕು, ಹ್ಯಾಷ್‌ಟ್ಯಾಗ್ ರಾಶಿಯಲ್ಲಿ ಅಡಗಿಸಬಾರದು.

ತೆರಿಗೆಯೂ ಇದೆ. 2022ರ ಜುಲೈ 1ರಂದು ಜಾರಿಗೆ ಬಂದ ನಿಯಮದಂತೆ, ವೃತ್ತಿಯ ಸಂಬಂಧದಲ್ಲಿ ಒಬ್ಬರು ವರ್ಷಕ್ಕೆ 20,000 ರೂಪಾಯಿಗಿಂತ ಜಾಸ್ತಿ ಬೆಲೆಯ ಸಾಮಾನು ಕೊಟ್ಟರೆ ಅದಕ್ಕೆ ಶೇ 10 ಟಿಡಿಎಸ್, ಅಂದರೆ ಕೊಡುವವರೇ ಮೊದಲು ಕಟ್ಟಿಸಿಕೊಳ್ಳುವ ತೆರಿಗೆ. ವಿಡಿಯೊ ಮಾಡಿ ಸಾಮಾನು ಇಟ್ಟುಕೊಳ್ಳುವವರಿಗೂ ಇದು ತಗಲುತ್ತದೆ. ಬಳಸಿ ವಾಪಸ್ ಕೊಟ್ಟರೆ ತಗಲುವುದಿಲ್ಲ. ದುಬಾರಿ ಟೆಂಟು, ಸೈಕಲ್ ಎರವಲು ಪಡೆಯುವುದು ಒಳ್ಳೆಯದು ಎಂದು ಹೇಳಲು ಇದೂ ಒಂದು ಕಾರಣ. ನಿಮ್ಮ ಲೆಕ್ಕಕ್ಕೆ ಒಬ್ಬ ಆಡಿಟರನ್ನು ಒಮ್ಮೆ ಕೇಳಿ.

ದಾರಿಯಲ್ಲಿ, ವಾಪಸ್ ಬಂದ ಮೇಲೆ

ಜೇಬಲ್ಲಿ ಚಿಕ್ಕ ನೋಟ್‌ಬುಕ್ ಇರಲಿ. ದಿನದ ಕಿಲೋಮೀಟರ್, ಪಂಕ್ಚರ್, ಹರಿದದ್ದು, ಸಡಿಲವಾದದ್ದು ಅಂದೇ ಬರೆಯಿರಿ. ಚೈನ್ ಸವೆತವನ್ನು 500 ಕಿ.ಮೀ.ಗೊಮ್ಮೆ ಚೈನ್ ಚೆಕರ್‌ನಿಂದ ಅಳೆಯಿರಿ. ಫೋಟೊಗಳನ್ನು ಕೊನೆಗೆ ಒಟ್ಟಿಗೆ ಕಳಿಸದೆ, ಹೇಳಿದ ವಾರಕ್ಕೆ ಹೇಳಿದಷ್ಟು ಕಳಿಸಿ. ಸಾಮಾನು ಕೈಕೊಟ್ಟರೆ ಮೊದಲು ಕೊಟ್ಟವರಿಗೆ ಫೋನ್ ಮಾಡಿ, ಸರಿಪಡಿಸಲು ಅವಕಾಶ ಕೊಡಿ, ಆಮೇಲೆ ಅವರು ಏನು ಮಾಡಿದರು ಎಂಬುದನ್ನೂ ಸೇರಿಸಿ ಬರೆಯಿರಿ.

ಬಂದ ತಿಂಗಳೊಳಗೆ ಪ್ರತಿಯೊಬ್ಬ ಸ್ಪಾನ್ಸರ್‌ಗೂ ಎರಡು ಪುಟದ ವರದಿ ಹೋಗಬೇಕು. ಊರಿನವರಿಗೆ ಕೈಯಾರೆ ಕೊಡಿ. ಹೊಲಿದ ಟೇಲರ್‌ಗೂ ಚೀಲ ತೋರಿಸಿ, ಬರೀ ಮಾಲೀಕರಿಗಲ್ಲ. ಎರವಲು ತಂದದ್ದನ್ನು ತೊಳೆದು, ಒಣಗಿಸಿ, ಹೇಳಿದ ದಿನವೇ ತಲುಪಿಸಿ.

ಪ್ರವಾಸ ಅರ್ಧಕ್ಕೇ ನಿಂತರೆ, ಜ್ವರವೋ ಮನೆಯ ತಾಪತ್ರಯವೋ ಬಂದರೆ, ಅಂದೇ ಎಲ್ಲರಿಗೂ ತಿಳಿಸಿ. ಓಡಿಸಿದ ಕಿಲೋಮೀಟರಿನ ವರದಿ ಕೊಡಿ. ಬಳಸದೆ ಉಳಿದ ಟಯರ್, ಟ್ಯೂಬನ್ನು ವಾಪಸ್ ಕೊಡುತ್ತೇನೆ ಎಂದು ನೀವೇ ಹೇಳಿ. ಇಟ್ಟುಕೋ, ಮುಂದಿನ ಸಲ ಮುಗಿಸು ಎಂದರೆ, ಅದೇ ಒಪ್ಪಂದದ ಕಾಗದದ ಮೇಲೆ ಹೊಸ ತಾರೀಖು ಹಾಕಿ ಇಬ್ಬರೂ ಸಹಿ ಮಾಡಿ.